ಡಿಕ್ಕಿಯ ಕೀರಲು ನಿಂತಿತು, ನೀರು ನಿಲ್ಲಲಿಲ್ಲ: ಬೀಡಿಂಗಿಗೆ ಸಿಲಿಕೋನ್ ಗ್ರೀಸ್

ನನ್ನ ಹಳೇ ಹ್ಯಾಚ್‌ಬ್ಯಾಕ್‌ನ ಡಿಕ್ಕಿ ಹೊಂಡ ಹತ್ತಿದಾಗಲೆಲ್ಲ ಕೀಂ ಅನ್ನುತ್ತಿತ್ತು. ಲಾಕ್, ಹಿಂದಿನ ಸೀಟು, ಎಲ್ಲದರ ಮೇಲೂ ಅನುಮಾನಪಟ್ಟೆ. ನೋಡಿದರೆ ಬಾಗಿಲಿನ ಸುತ್ತ ಇರುವ ರಬ್ಬರ್ ಪಟ್ಟಿ, ಅಂದರೆ ಬೀಡಿಂಗ್, ಒಣಗಿ ತಗಡಿಗೆ ಉಜ್ಜುವ ಸದ್ದು. ಸಿಲಿಕೋನ್ ಗ್ರೀಸ್ ತೆಳ್ಳಗೆ ಸವರಿದೆ, ಅವತ್ತೇ ನಿಂತಿತು. ಸಣ್ಣ ಟ್ಯೂಬು, ಆದರೆ ಆ ಖುಷಿ ಇವತ್ತಿಗೂ ಇದೆ.

ಸ್ಪ್ರೇ ಕೂಡ ಸಿಗುತ್ತದೆ. ನನಗೆ ಬೇಡ. ಗಾಜಿಗೆ ಹಾರಿದರೆ ಮಸುಕು, ಪೆಡಲ್ ಮೇಲೆ ಬಿದ್ದರೆ ಕಾಲು ಜಾರುತ್ತದೆ.

ಮಳೆ ಹಿಡಿಯುವ ಮುಂಚೆ ಒಂದು ಸಲ, ದೀಪಾವಳಿ ಹೊತ್ತಿಗೆ ಇನ್ನೊಂದು ಸಲ, ಬಿಸಿಲೇರುವ ಮೊದಲು ಕೂರುತ್ತೇನೆ. ನಮ್ಮ ತೀರ್ಥಹಳ್ಳಿ ಕಡೆಯ ಕೆಮ್ಮಣ್ಣಿನ ಧೂಳು ಬೀಡಿಂಗಿನ ಸಂದಿಯಲ್ಲೆಲ್ಲ ಸೇರಿಕೊಂಡಿರುತ್ತದೆ. ಶಾಂಪೂ ನೀರಲ್ಲಿ ಅದ್ದಿದ ಹಳೇ ಬನಿಯನ್ ತುಂಡಿನಿಂದ ಒರೆಸಿದರೆ ಬಟ್ಟೆ ಪೂರಾ ಇಟ್ಟಿಗೆ ಬಣ್ಣ. ರಬ್ಬರ್ ಒಣಗುವಷ್ಟರಲ್ಲಿ ಒಂದು ಕಾಫಿ. ಆಮೇಲೆ ಹುಣಸೆ ಬೀಜದಷ್ಟು ಗ್ರೀಸ್ ಬೆರಳಿಗೆ ತೆಗೆದುಕೊಂಡು ಬಾಗಿಲಿನ ಸುತ್ತ ಸವರುವುದು, ಜಾಸ್ತಿಯಾದದ್ದನ್ನು ಒರೆಸಿ ತೆಗೆಯುವುದು. ಜಿಡ್ಡು ಉಳಿದರೆ ಧೂಳು ಮತ್ತೆ ಅಂಟುತ್ತದೆ, ಪ್ಯಾಂಟಿಗೂ ಹತ್ತುತ್ತದೆ.

ವ್ಯಾಸಲೀನ್ ಸಾಕಲ್ವಾ ಅಂತ ಅಣ್ಣ ಕೇಳುತ್ತಾನೆ. ಸಾಲದು. ಹೆಚ್ಚಿನ ಕಾರುಗಳ ಬೀಡಿಂಗ್ ಇಪಿಡಿಎಂ ಅನ್ನುವ ಕೃತಕ ರಬ್ಬರಿನದು. ಬಿಸಿಲು, ನೀರು ತಡೆಯುತ್ತದೆ. ವ್ಯಾಸಲೀನಿನಂಥ ಪೆಟ್ರೋಲಿಯಂ ಜಿಡ್ಡಿಗೆ ಮಾತ್ರ ಉಬ್ಬಿ ಮೆತ್ತಗಾಗುತ್ತದೆ.

ಆದರೆ ನಾನು ಕೊಂಡ ಟ್ಯೂಬಿನ ಮೇಲೆ ‘ಸೋರಿಕೆ ನಿಲ್ಲುತ್ತದೆ’ ಅಂತ ಬರೆದಿತ್ತಲ್ಲ, ಅದು ಬರೀ ಬಾಯಿಮಾತು. ಜುಲೈ ಮಳೆಗೆ ಡಿಕ್ಕಿಯ ಎಡಮೂಲೆಯಿಂದ ನೀರಿಳಿದು ಸ್ಟೆಪ್ನಿ ಗುಂಡಿಯಲ್ಲಿ ನಿಂತಿತು. ಹತ್ತು ರೂಪಾಯಿ ನೋಟನ್ನು ಬೀಡಿಂಗಿಗೂ ತಗಡಿಗೂ ಮಧ್ಯೆ ಇಟ್ಟು, ಡಿಕ್ಕಿ ಮುಚ್ಚಿ ಎಳೆದೆ. ಬೇರೆ ಕಡೆ ಬಿಗಿಯಾಗಿ ಹಿಡಿದುಕೊಂಡ ನೋಟು ಆ ಮೂಲೆಯಲ್ಲಿ ಸುಮ್ನೆ ಜಾರಿ ಬಂತು. ಚಪ್ಪಟೆಯಾದ ರಬ್ಬರನ್ನು ಯಾವ ಗ್ರೀಸೂ ಎಬ್ಬಿಸುವುದಿಲ್ಲ. ಸರ್ವಿಸಿಗೆ ಬಿಟ್ಟಾಗ ‘ಬೀಡಿಂಗ್ ಟ್ರೀಟ್‌ಮೆಂಟ್’ ಅಂತ ಬಿಲ್ಲಿಗೆ ಬೇರೆ ಸೇರಿಸಿದ್ದರು. ಹಚ್ಚಿದ್ದು ಟೈರ್ ಪಾಲಿಶ್. ಹೊಳಪು ಬಂತು, ನೀರೂ ಬಂತು.

ಕೊನೆಗೆ ಡಿಕ್ಕಿಗೆ ಹೊಸ ಬೀಡಿಂಗನ್ನೇ ತಂದೆ. ನನ್ನ ಕಾರಿನದಕ್ಕೆ ಅಂಟು ಬೇಡ. ತಗಡಿನ ಅಂಚಿಗೆ ಒತ್ತಿ ಅಂಗೈಯಿಂದ ತಟ್ಟಿದರೆ ಕೂರುತ್ತದೆ. ಎಳೆದು ಕೂರಿಸಿದರೆ ಮಾತ್ರ ಮೂಲೆಯಲ್ಲಿ ಮತ್ತೆ ಏಳುತ್ತದೆ. ಈಗಾಗಲೇ ಸೋರುತ್ತಿರುವ ಕಾರಿದ್ದರೆ ಗ್ರೀಸಿನ ದುಡ್ಡನ್ನೂ ಇದಕ್ಕೇ ಸೇರಿಸಿ. ಉಳಿದ ನಾಲ್ಕು ಬಾಗಿಲುಗಳ ರಬ್ಬರ್ ಇನ್ನೂ ಮೆತ್ತಗಿದೆ, ಅವಕ್ಕೆ ಅದೇ ಟ್ಯೂಬ್ ನಡೆಯುತ್ತಿದೆ.

ಹಾಂ, ಬಾಗಿಲು ತೆಗೆದಾಗ ಒಳಗೆ ನೀರು ಕುಲುಕಿದ ಸದ್ದು ಬಂದರೆ ಬೀಡಿಂಗನ್ನು ಬೈಯಬೇಡಿ. ಬಾಗಿಲಿನ ಅಡಿಯಲ್ಲಿ ನೀರು ಹೋಗುವ ತೂತುಗಳಿಗೆ ಮಣ್ಣು ಕಟ್ಟಿರುತ್ತದೆ. ಒಂದು ತೆಂಗಿನ ಕಡ್ಡಿ ಸಾಕು.