ಲೆ ಮಾನ್ಸ್ ಮಳೆಯಲ್ಲಿ ಗೆದ್ದ ಬಣ್ಣ ತೀರ್ಥಹಳ್ಳಿ ಮಳೆಯಲ್ಲಿ ಎದ್ದು ಬಂತು: ಮೂರು ಮಳೆಗಾಲ ಕಂಡ ನನ್ನ 918 ಸ್ಪೈಡರ್

ಮೊದಲೇ ಹೇಳಿಬಿಡುತ್ತೇನೆ, ಇದು ಓಡಿಸುವ ಪೋರ್ಶೆ ಅಲ್ಲ. ಜರ್ಮನಿಯ ಪೋರ್ಶೆ ಕಂಪನಿಯ 918 ಸ್ಪೈಡರ್ ಕಾರು ತಯಾರಾಗಿದ್ದೇ 918. ಅಮೆರಿಕದಲ್ಲಿ ಹೊಸದಕ್ಕೆ 8,45,000 ಡಾಲರ್‌ನಿಂದ ಬೆಲೆ ಶುರುವಾಗುತ್ತಿತ್ತು. ನನ್ನ ಹತ್ತಿರ ಇರುವುದು 1:18 ಅಳತೆಯ ಮಾಡೆಲ್. ಉದ್ದ ಒಂದು ಗೇಣಿಗಿಂತ ಸ್ವಲ್ಪ ಜಾಸ್ತಿ. ಕೆಂಪು ಮೈ, ಮೂಗಿನ ಮೇಲಿಂದ ಹರಿದು ಬರುವ ಅಗಲ ಬಿಳಿ ಪಟ್ಟೆ, ನಂಬರ್ 23. ರಾಶಿ ಅಡಿಕೆ ಕ್ವಿಂಟಾಲಿಗೆ ಐವತ್ತು ಸಾವಿರದ ಹತ್ತಿರ ಇದ್ದಾಗ ಧೈರ್ಯ ಮಾಡಿ ತರಿಸಿದೆ. ಕಸ್ಟಮ್ಸ್ ಎಲ್ಲ ಸೇರಿ 18,400 ರೂಪಾಯಿ. ನಮ್ಮ ಮನೆಯಲ್ಲಿ ಯಾವುದರ ಬೆಲೆಯನ್ನೂ ರೂಪಾಯಿಯಲ್ಲಿ ಹೇಳುವುದಿಲ್ಲ. ಹೆಂಡತಿ ನಿಂತಲ್ಲೇ ಲೆಕ್ಕ ಹಾಕಿದಳು: "37 ಕೆ.ಜಿ. ಅಡಿಕೆ! ಒಂದು ಆಟದ ಕಾರಿಗೆ!"

ಇಂಜಿನ್ ಎಷ್ಟು, ಕುದುರೆ ಎಷ್ಟು ಅಂತ ಬರೆಯುತ್ತಾ ಕೂರುವುದಿಲ್ಲ. ಈ ಕಾರಿನ ಹುಚ್ಚು ಹಿಡಿದವರಿಗೆ ಅದೆಲ್ಲ ಬಾಯಿಪಾಠ. ನನಗೆ ಹುಚ್ಚು ಹಿಡಿಸಿದ್ದು ಬಣ್ಣ. ಅಮ್ಮ ಮೊದಲ ಸಲ ನೋಡಿದಾಗ "ಇದೆಂತದು, ಕೆಂಪು ಬಸ್ಸಿನ ಬಣ್ಣ" ಅಂದರು. ಅವರನ್ನು ಕೂರಿಸಿಕೊಂಡು ಕಥೆ ಹೇಳಿದೆ.

1970ರ ಜೂನ್. ಫ್ರಾನ್ಸಿನ ಲೆ ಮಾನ್ಸ್‌ನಲ್ಲಿ 24 ಗಂಟೆ ರೇಸು. ಎಲ್ಲರ ಕಣ್ಣು ತಿಳಿ ನೀಲಿಗೆ ಕಿತ್ತಳೆ ಪಟ್ಟೆಯ ಗಲ್ಫ್ ತಂಡದ ಪೋರ್ಶೆ 917 ರೇಸ್ ಕಾರುಗಳ ಮೇಲೆ. ಇವತ್ತಿಗೂ ಜನ ಟೀ ಶರ್ಟಿನ ಮೇಲೆ ಹಾಕಿಕೊಂಡು ತಿರುಗುವುದು ಆ ನೀಲಿಯನ್ನೇ. ಆದರೆ ಆ ಬಣ್ಣದ 917 ಲೆ ಮಾನ್ಸ್ ಗೆಲ್ಲಲೇ ಇಲ್ಲ. ಆ ಸಲ ಮಳೆ ಹಿಡಿದುಕೊಂಡಿತು. 51 ಕಾರು ಹೊರಟಿದ್ದವು, ಕೊನೆಗೆ ಲೆಕ್ಕಕ್ಕೆ ಸಿಕ್ಕಿದ್ದು 7. ಮೊದಲು ಬಂದಿದ್ದು ಪೋರ್ಶೆ ಸಾಲ್ಜ್‌ಬರ್ಗ್ ತಂಡದ ಕೆಂಪು ಬಿಳಿ 23. ಓಡಿಸಿದವರು ಹಾನ್ಸ್ ಹೆರ್ಮನ್ ಮತ್ತು ರಿಚರ್ಡ್ ಅಟ್‌ವುಡ್. ಪೋರ್ಶೆಗೆ ಅಲ್ಲಿ ಸಿಕ್ಕ ಮೊದಲ ಒಟ್ಟಾರೆ ಗೆಲುವು ಅದು. ಇದನ್ನು ಗೆದ್ದರೆ ರೇಸ್ ಬಿಡುತ್ತೇನೆ ಅಂತ ಹೆರ್ಮನ್ ಹೆಂಡತಿಗೆ ಮಾತು ಕೊಟ್ಟಿದ್ದರು, ಬಿಟ್ಟೂ ಬಿಟ್ಟರು. ಒಳಗಿನಿಂದ ನನ್ನವಳ ದನಿ ಬಂತು: "ನೋಡಿ, ಅವರಾದ್ರೂ ಬಿಟ್ರು."

ಅದೇ ಬಣ್ಣವನ್ನು ನಲವತ್ತು ಚಿಲ್ಲರೆ ವರ್ಷದ ಮೇಲೆ ಪೋರ್ಶೆಯವರು ಪೆಟ್ರೋಲ್, ಕರೆಂಟ್ ಎರಡರಲ್ಲೂ ಓಡುವ ತಮ್ಮ ಹೈಬ್ರಿಡ್ ಕಾರು 918ಕ್ಕೆ ಹಾಕಿಕೊಟ್ಟರು. ಮಜಾ ಏನು ಅಂದರೆ ದೊಡ್ಡ ಕಾರಿನಲ್ಲೂ ಅದು ಪೇಂಟ್ ಅಲ್ಲ, ಮೈಗೆ ಅಂಟಿಸಿದ ಫಿಲ್ಮ್. ತೂಕ ಉಳಿಸುವುದಕ್ಕೆ. ನನ್ನ ಮಾಡೆಲಿನಲ್ಲೂ ಕೆಂಪು ಮಾತ್ರ ಪೇಂಟು, ಬಿಳಿ ಪಟ್ಟೆ ಸ್ಟಿಕ್ಕರ್. ತರಿಸುವಾಗ ಇದು ತಲೆಗೆ ಹೊಳೆಯಲಿಲ್ಲ. ಹೊಳೆದಿದ್ದರೂ ತರಿಸುತ್ತಿದ್ದೆ ಬಿಡಿ.

ಮೊದಲ ಆರು ತಿಂಗಳು ಸ್ವರ್ಗ. ಭಾನುವಾರ ದೋಸೆ ತಿಂದು ಕೈ ತೊಳೆದು, ಎರಡು ಸಲ ಒರೆಸಿಕೊಂಡು, ಜಗಲಿಯ ಬಿಸಿಲಿಗೆ ಕಾರು ತರುತ್ತಿದ್ದೆ. ಧೂಳು ಹೊಡೆಯುವುದಕ್ಕೆ ಹೊಸ ಶೇವಿಂಗ್ ಬ್ರಶ್. ಒರೆಸುವುದಕ್ಕೆ ಅಪ್ಪನ ಹಳೇ ಪಂಚೆ ತುಂಡು, ಅದರಷ್ಟು ಮೆತ್ತಗಿನ ಬಟ್ಟೆ ದುಡ್ಡು ಕೊಟ್ಟರೂ ಸಿಗುವುದಿಲ್ಲ. ಛಾವಣಿಯಲ್ಲಿ ಎರಡು ಪುಟ್ಟ ಹಲಗೆ ಇವೆ. ಉಗುರು ಕೊಟ್ಟು ಎತ್ತಿದರೆ ಟಕ್ ಅಂತ ಬರುತ್ತವೆ. ಮುಂದಿನ ಬಾನೆಟ್ ತೆರೆದು ಒಳಗಿಟ್ಟರೆ ಅಳತೆ ತೆಗೆದ ಹಾಗೆ ಕೂರುತ್ತವೆ, ದೊಡ್ಡ ಕಾರಿನಲ್ಲಿ ಇರುವ ಹಾಗೆಯೇ. ಇಂಜಿನ್ ನೆತ್ತಿಯ ಮೇಲೆ ಆಕಾಶ ನೋಡುವ ಎರಡು ಹೊಗೆ ಕೊಳವೆ. ಅದರ ಬಾಯಿಗೆ ಬ್ರಶ್ಶಿನ ತುದಿ ಆಡಿಸುವುದೇ ಒಂದು ಸುಖ. ಕರೆಂಟಿನಲ್ಲಿ ಮಾತ್ರ ಎಷ್ಟು ದೂರ ಹೋಗುತ್ತೆ ಅಂತ ಮಗಳು ಕೇಳಿದಳು. ಹೆಚ್ಚು ಅಂದರೆ 30 ಕಿ.ಮೀ. ಅಂದೆ. "ಹಾಗಾದ್ರೆ ಆಗುಂಬೆ ಮುಟ್ಟೋದಿಲ್ಲ" ಅಂದಳು. ಸರಿಯೇ ಅಲ್ವಾ?

ಆಮೇಲೆ ಜೂನ್ ಬಂತು.

ಬಯಲುಸೀಮೆಯವರಿಗೆ ಇದು ಅರ್ಥವಾಗುವುದು ಕಷ್ಟ. ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿ.ಮೀ.ಗೂ ಜಾಸ್ತಿ ಮಳೆ. ನಮ್ಮಲ್ಲಿ ಅಷ್ಟಿಲ್ಲ, ಆದರೆ ಚಪ್ಪಲಿಗೆ, ಬೆಲ್ಟಿಗೆ, ಗೋಡೆಯ ಫೋಟೋಗೆ ಬೂಷ್ಟು ಹಿಡಿಯುವುದಕ್ಕೆ ಧಾರಾಳ ಸಾಕು. ಗಾಜಿನ ಶೋಕೇಸು ಬಿಗಿಯಾಗಿದೆ ಅಂತ ಸುಮ್ನೆ ಇದ್ದೆ. ಒಳಗೆ ಸಿಕ್ಕಿಕೊಂಡ ತಂಡಿ ಅಲ್ಲೇ ಉಳಿಯಿತು. ಆಷಾಢದ ಒಂದು ಸಂಜೆ ಟಾರ್ಚ್ ಹಿಡಿದು ನೋಡಿದರೆ ಸೀಟಿನ ಮೇಲೆ ಬೂದು ಬಣ್ಣದ ಹತ್ತಿ. ಸ್ಟೀರಿಂಗಿಗೂ ಅದೇ. ಬಿಳಿ ಪಟ್ಟೆಯ ಅಂಚು ಎಡಗಡೆ ಚಕ್ರದ ಮೇಲೆ ಒಂದು ಅಕ್ಕಿಕಾಳಿನಷ್ಟು ಎದ್ದಿತ್ತು. ಬೆರಳಲ್ಲಿ ಒತ್ತಿದೆ. ಕೂತಿತು. ಬೆಳಿಗ್ಗೆ ಎರಡು ಅಕ್ಕಿಕಾಳಿನಷ್ಟು ಎದ್ದಿತ್ತು.

ಮಾರಿದವರಿಗೆ ಫೋಟೋ ಕಳಿಸಿದೆ. "ಒಣ ಜಾಗದಲ್ಲಿ ಇಡಿ" ಅಂತ ಉತ್ತರ ಬಂತು. ಜುಲೈಯಲ್ಲಿ ನಮ್ಮ ಮನೆಯಲ್ಲಿ ಒಣ ಜಾಗ ಅಂದರೆ ಒಲೆಯೊಳಗೆ ಮಾತ್ರ.

ಶೂ ಡಬ್ಬಿಯಲ್ಲಿ ಬರುವ ಸಿಲಿಕಾ ಜೆಲ್ ಪೊಟ್ಟಣ ಹದಿನಾಲ್ಕು ಕೂಡಿಸಿ ಇಟ್ಟೆ. ವಾರಕ್ಕೇ ಸುಸ್ತಾದವು. ಕಪಾಟಿನಲ್ಲಿ 40 ವ್ಯಾಟಿನ ಬಲ್ಬ್ ಉರಿಸಿಟ್ಟೆ, ಬಟ್ಟೆ ಕಪಾಟಿಗೆ ನಮ್ಮ ಕಡೆ ಎಲ್ಲರೂ ಮಾಡುವ ಉಪಾಯ. ಗಾಳಿಗೆ ಮರ ಬಿದ್ದು ಮೂರು ದಿನ ಕರೆಂಟೇ ಇಲ್ಲ. ಎರಡನೇ ಮಳೆಗಾಲ ಮುಗಿಯುವ ಹೊತ್ತಿಗೆ ಎಡಗಡೆಯ ಪಟ್ಟೆ ಅರ್ಧ ಸುರುಳಿ ಸುತ್ತಿಕೊಂಡು ನಿಂತಿತ್ತು, ಕಾಯಿಸಿದ ಹಪ್ಪಳದ ಹಾಗೆ. 3ರ ಬಾಲ ಹೋಗಿ 23 ಇದ್ದದ್ದು ಯಾವ ನಂಬರೋ ಆಯಿತು. ಆ ದಿನಗಳಲ್ಲಿ ಈ ವಿಮರ್ಶೆ ಬರೆದಿದ್ದರೆ ಒಂದೇ ಸ್ಟಾರ್ ಕೊಟ್ಟು ಬೈದು ಮುಗಿಸುತ್ತಿದ್ದೆ. ಎಡಗಡೆ ಕಾಣದ ಹಾಗೆ ಗೋಡೆಗೆ ತಿರುಗಿಸಿ ಇಟ್ಟಿದ್ದೆ, ನಿಜ ಹೇಳಬೇಕೆಂದರೆ ಐದಾರು ತಿಂಗಳು ಮುಟ್ಟಲೂ ಇಲ್ಲ.

ಶಿವಮೊಗ್ಗಕ್ಕೆ ಮಂಡಿ ಕೆಲಸಕ್ಕೆ ಹೋದಾಗ ಚೀಲದಲ್ಲಿ ಹಾಕಿಕೊಂಡು ಹೋದೆ. ಬೈಕಿಗೆ ನಂಬರ್, ಲಾರಿಗೆ ದೇವರ ಹೆಸರು ಕತ್ತರಿಸಿ ಅಂಟಿಸುವ ಸಣ್ಣ ಅಂಗಡಿ. ಹುಡುಗ ಕಾರನ್ನು ತಿರುಗಿಸಿ ತಿರುಗಿಸಿ ನೋಡಿ "ಯಾವ ಪಾರ್ಟಿದು ಸಾರ್?" ಅಂದ. ಬಲಗಡೆಯ ಪಟ್ಟೆಯ ಮೇಲೆ ಬೆಣ್ಣೆ ಕಾಗದ ಇಟ್ಟು ಪೆನ್ಸಿಲಿನಲ್ಲಿ ಗೀರು ತೆಗೆದ. ಕಾಗದ ಮಗುಚಿದ, ಎಡಗಡೆಯ ಅಚ್ಚು ತಯಾರು. ಬಿಳಿ ವಿನೈಲ್ ಕತ್ತರಿಸಿ, ಸೋಪಿನ ನೀರು ಚಿಮುಕಿಸಿ, ಹಳೇ ಎಟಿಎಂ ಕಾರ್ಡಿನ ಅಂಚಿನಿಂದ ಗುಳ್ಳೆ ತಳ್ಳುತ್ತಾ ಕೂರಿಸಿದ. ಮುಕ್ಕಾಲು ಗಂಟೆ ಕೆಲಸ, 150 ರೂಪಾಯಿ. ಬಿಳಿ ಒಂಚೂರು ಜಾಸ್ತಿ ಬಿಳಿ. ಅಷ್ಟೇ. ಫ್ಯಾಕ್ಟರಿ ಅಂಟಿಸಿದ ಬಲಗಡೆಯ ಪಟ್ಟೆ ಈಗ ಏಳುತ್ತಿದೆ, ಅವನು ಅಂಟಿಸಿದ್ದು ಅಲುಗಾಡಿಲ್ಲ.

ಮೂರನೇ ಮಳೆಗಾಲಕ್ಕೆ ಉಪಾಯ ಕೊಟ್ಟಿದ್ದು ಅಮ್ಮ. "ಅಕ್ಕಿ ಡಬ್ಬಿಯಲ್ಲಿ ಇಡೋ. ಬೆಂಕಿಪೊಟ್ಟಣ ಅಲ್ಲೇ ತಾನೆ ಇಡೋದು?" ಕಾರನ್ನು ಪಂಚೆ ತುಂಡಿನಲ್ಲಿ ಸುತ್ತಿ, ಪ್ಲಾಸ್ಟಿಕ್ ಡಬ್ಬದಲ್ಲಿ ಮುಚ್ಚಳ ಸ್ವಲ್ಪ ಸಡಿಲ ಬಿಟ್ಟು, ಅಕ್ಕಿಯಲ್ಲಿ ಹೂತೆ. ಟೈರಿನ ರಬ್ಬರ್ ಪ್ಲಾಸ್ಟಿಕ್ಕಿಗೆ ತಾಗಿ ಎಣ್ಣೆ ಬಿಡುತ್ತೆ, ಹಾಗಾಗಿ ಟೈರಿನ ಕೆಳಗೆ ಬೆಣ್ಣೆ ಕಾಗದ. ಗೌರಿ ಹಬ್ಬಕ್ಕೆ ತೆಗೆದಾಗ ಎದೆ ಹೊಡೆದುಕೊಳ್ಳುತ್ತಿತ್ತು. ಬೂಷ್ಟು ಇಲ್ಲ. ಎಡ ಪಟ್ಟೆ ನೆಟ್ಟಗಿದೆ. ಕೆಂಪು ಮೊದಲ ದಿನದ ಕೆಂಪೇ.

ಡ್ರೈವರ್ ಸೀಟಿನಲ್ಲಿ ಮಾತ್ರ ಒಂದು ಅಕ್ಕಿ ಹುಳ ಕೂತಿತ್ತು. ಸ್ಟೀರಿಂಗ್ ಕಡೆಗೇ ಮುಖ. ಮಗಳು ಅದಕ್ಕೆ ಹೆರ್ಮನ್ ಅಂತ ಹೆಸರಿಟ್ಟಳು.

ತಗೊಳ್ಳಬಹುದಾ? ಚಿತ್ರದುರ್ಗ, ದಾವಣಗೆರೆ ಕಡೆಯವರು ಕಣ್ಣು ಮುಚ್ಚಿ ತಗೊಳ್ಳಿ. ಘಟ್ಟದ ಅಂಚಿನವರು ಪಟ್ಟೆ ಪೇಂಟೋ ಸ್ಟಿಕ್ಕರೋ ಅಂತ ಕೇಳಿ ತಿಳಿದುಕೊಂಡೇ ದುಡ್ಡು ಕಟ್ಟಿ. ನಾನು ಐದಕ್ಕೆ ಮೂರೂವರೆ ಕೊಡುತ್ತೇನೆ, ಅದರಲ್ಲಿ ಅರ್ಧ ಆ ಸ್ಟಿಕ್ಕರ್ ಹುಡುಗನದು. ಇನ್ನು ಏಳುತ್ತೇನೆ. ಈ ವರ್ಷದ ಮೊದಲ ಮಳೆ ನಿನ್ನೆ ರಾತ್ರಿ ಬಂತು, ಅಕ್ಕಿ ಡಬ್ಬಿ ಅರ್ಧ ಖಾಲಿ ಇದೆ ಅಂತ ಬೆಳಿಗ್ಗೆಯಿಂದ ಎರಡು ಸಲ ಕರೆ ಬಂದಿದೆ.