ರಿಸೀವರ್ ಹಿಂದೆ ಎಚ್‌ಡಿಎಂಐ ಇದೆ ಅಂತ ದುಡ್ಡು ಕೊಡಬೇಡಿ

ಹೋಮ್ ಥಿಯೇಟರ್‌ಗೆ ಸೆಕೆಂಡ್ ಹ್ಯಾಂಡ್ ರಿಸೀವರ್ (ಪ್ಲೇಯರ್‌ನ ಸೌಂಡ್ ತಗೊಂಡು ಸ್ಪೀಕರ್‌ಗಳಿಗೆ ಹಂಚೋ ಡಬ್ಬಿ) ತಗೊಳ್ಳಲು ಹೊರಟವರು ಇದನ್ನೊಮ್ಮೆ ಓದಿ. ನನಗೆ 22,000 ರೂಪಾಯಿ ಕೈಬಿಟ್ಟಿದೆ. ಜೊತೆಗೆ ಚೆನ್ನಾಗಿದ್ದ ಹಳೇ ರಿಸೀವರ್ ಕೂಡ ಹೋಯಿತು.

ಬಳ್ಳಾರಿಯ ನಮ್ಮ ಮನೆ ಹಾಲ್‌ನಲ್ಲಿ 5.1 ಸ್ಪೀಕರ್ ಸೆಟ್ (ಐದು ಸ್ಪೀಕರ್, ಒಂದು ಸಬ್‌ವೂಫರ್) ಇದೆ. ಬ್ಲೂ-ರೇ ಪ್ಲೇಯರ್ ತಂದ ಮೇಲೆ ಡಾಲ್ಬಿ ಟ್ರೂಎಚ್‌ಡಿ, ಡಿಟಿಎಸ್-ಎಚ್‌ಡಿ ಮಾಸ್ಟರ್ ಆಡಿಯೋ ಅನ್ನೋ ಪೂರ್ತಿ ಗುಣಮಟ್ಟದ ಸೌಂಡ್ ಕೇಳಬೇಕು ಅನ್ನೋ ಹುಚ್ಚು ಹತ್ತಿತು. ಹಳೇ ರಿಸೀವರ್‌ಗೆ ಎಚ್‌ಡಿಎಂಐ (ಚಿತ್ರ, ಸೌಂಡ್ ಎರಡನ್ನೂ ಒಂದೇ ವೈರಿನಲ್ಲಿ ಒಯ್ಯೋ ಪೋರ್ಟ್) ಇರಲಿಲ್ಲ. ಊರಲ್ಲೇ ಮಾರೋರೊಬ್ಬರು ಬೇರೆ ರಿಸೀವರ್ ತೋರಿಸಿದರು. "ಎಚ್‌ಡಿಎಂಐ ಐತಲ್ಲ ಸಾರ್, ಎಲ್ಲಾ ಎಚ್‌ಡಿ ಸೌಂಡ್ ಬರ್ತೈತಿ." ಹಿಂದೆ ತಿರುಗಿಸಿ ನೋಡಿದೆ, ಮೂರು ಪೋರ್ಟ್ ಇದ್ದವು. ಅಷ್ಟಕ್ಕೇ ಒಪ್ಪಿಬಿಟ್ಟೆ. ನನ್ನ ಹಳೇದನ್ನ 3,500ಕ್ಕೆ ಹಿಡಿದುಕೊಂಡರು. ಬಿಲ್ ಕೇಳಿದ್ದಕ್ಕೆ ನಕ್ಕರು.

ಅವರ ಹುಡುಗ ಬಂದು ಫಿಟ್ ಮಾಡಿದ. ಪ್ಲೇಯರ್‌ನಿಂದ ಎಚ್‌ಡಿಎಂಐ ಹಾಕಿದ, ಜೊತೆಗೆ ಒಂದು ಆಪ್ಟಿಕಲ್ ವೈರ್ (ಬೆಳಕಿನ ಮೂಲಕ ಸೌಂಡ್ ಮಾತ್ರ ಒಯ್ಯೋದು) ಕೂಡ ಸಿಕ್ಕಿಸಿದ. ಎರಡೆರಡು ಯಾಕಪ್ಪಾ ಅಂದರೆ "ಸೌಂಡ್‌ಗೆ ಒಳ್ಳೇದು ಅಂಕಲ್" ಅಂದ. ಮೂರು ವಾರ ನಾನೂ ಬಂದವರಿಗೆಲ್ಲ "ಎಚ್‌ಡಿ ಸೌಂಡ್" ಅಂತ ಕೇಳಿಸಿದೆ.

ಆಮೇಲೆ ಹೊಸಪೇಟೆಯಿಂದ ಅಕ್ಕನ ಮಗ ಬಂದ. ಮಿರ್ಚಿ ತಿಂದ ಕೈ ಒರೆಸಿಕೊಂಡು ಡಿಸ್ಕ್ ಹಾಕಿ, ಮೆನುವಿನಲ್ಲಿ ಟ್ರೂಎಚ್‌ಡಿ ಆರಿಸಿದ. ರಿಸೀವರ್ ಡಿಸ್‌ಪ್ಲೇಯಲ್ಲಿ ಬಂದದ್ದು ಬರೀ 'ಡಾಲ್ಬಿ ಡಿಜಿಟಲ್'. ಮಾತಾಡದೆ ಹಿಂದೆ ಹೋಗಿ ಆಪ್ಟಿಕಲ್ ವೈರ್ ಕಿತ್ತ. ಅದರ ತುದಿಯಲ್ಲಿ ಕೆಂಪು ಬೆಳಕು. ಟಿವಿಯಲ್ಲಿ ಚಿತ್ರ ಹಾಗೇ ಓಡ್ತಿತ್ತು, ಸ್ಪೀಕರ್‌ಗಳೆಲ್ಲ ಸುಮ್ಮನಾದವು. "ಮಾಮಾ, ಇದರ ಎಚ್‌ಡಿಎಂಐ ಟಿವಿಗೆ ದಾಟಿಸೋಕೆ ಅಷ್ಟೇ. ಸೌಂಡ್ ಇದು ತಗೊಳ್ಳೋದೇ ಇಲ್ಲ."

ಬ್ಲೂ-ರೇಯಲ್ಲಿ ಟ್ರೂಎಚ್‌ಡಿ ಸೆಕೆಂಡಿಗೆ 18 ಮೆಗಾಬಿಟ್ ತನಕ ಹೋಗುತ್ತೆ. ಆಪ್ಟಿಕಲ್ ವೈರಿನಲ್ಲಿ ಅದು ಹಾಯುವುದೇ ಇಲ್ಲ, ಹೆಚ್ಚೆಂದರೆ 640 ಕಿಲೋಬಿಟ್‌ನ ಸಾದಾ ಡಾಲ್ಬಿ ಡಿಜಿಟಲ್. ಮೋಸ ಗೊತ್ತಾಗದೇ ಇರೋದು ಯಾಕೆ ಅಂದರೆ, ಟ್ರೂಎಚ್‌ಡಿ ಇರೋ ಬ್ಲೂ-ರೇಯಲ್ಲಿ ಈ ಸಾದಾ ಸೌಂಡ್ ಕೂಡ ಒಳಗೇ ಇರುತ್ತೆ. ದಾರಿ ಸಾಲದಿದ್ದರೆ ಪ್ಲೇಯರ್ ಸುಮ್ನೆ ಅದನ್ನೇ ಕಳಿಸುತ್ತೆ. ಎರರ್ ಬರಲ್ಲ, ಸೌಂಡ್ ನಿಲ್ಲಲ್ಲ. ನಮಗೋ, ಸುತ್ತ ಆರು ಕಡೆಯಿಂದ ಕೇಳಿಸಿದರೆ ಸಾಕು, ಖುಷಿ!

ವಾಪಸ್ ಹೋಗಿ ಕೇಳಿದೆ. ಕೇಬಲ್ ಸರಿಯಿಲ್ಲ ಅಂತ 2,500 ರೂಪಾಯಿಯ ಎಚ್‌ಡಿಎಂಐ ಕೇಬಲ್ ಕೊಟ್ಟರು. ಅದನ್ನೂ ಕೊಂಡು ತಂದುಬಿಟ್ಟೆ, ನೋಡಿ ನನ್ನ ಬುದ್ಧಿ! ರಿಸೀವರ್ ಸೌಂಡೇ ತಗೊಳ್ಳದಿದ್ದರೆ ಯಾವ ಕೇಬಲ್ ಏನು ಮಾಡುತ್ತೆ?

ಟ್ರೂಎಚ್‌ಡಿಯನ್ನ ಹಾಗೇ ರಿಸೀವರ್‌ಗೆ ಕಳಿಸೋ ಸೌಲಭ್ಯ ಬಂದದ್ದು 2006ರ ಎಚ್‌ಡಿಎಂಐ 1.3ರಲ್ಲಿ. ಅದು ಇದ್ದರೂ ಬಿಡಿಸಿ (ಡಿಕೋಡ್ ಮಾಡಿ) ಕೇಳಿಸೋ ಶಕ್ತಿ ರಿಸೀವರ್‌ಗೆ ಬೇರೆಯಾಗೇ ಇರಬೇಕು. ಹಾಗಾಗಿ ನಿಮ್ಮದೇ ಪ್ಲೇಯರ್, ನಿಮ್ಮದೇ ಡಿಸ್ಕ್ ಹೊತ್ತುಕೊಂಡು ಹೋಗಿ. ಪ್ಲೇಯರ್‌ನಲ್ಲಿ ಬಿಟ್‌ಸ್ಟ್ರೀಮ್ (ಸೌಂಡನ್ನ ಬಿಡಿಸದೆ ಹಾಗೇ ಕಳಿಸೋದು) ಇಡಿ, ಸೆಕೆಂಡರಿ ಆಡಿಯೋ (ಮೆನು ಸದ್ದು, ಕಾಮೆಂಟರಿ ಬೆರೆಸೋದು) ಆಫ್ ಮಾಡಿ. ಪ್ಲೇಯರ್‌ನಿಂದ ಒಂದೇ ಒಂದು ಎಚ್‌ಡಿಎಂಐ ವೈರ್ ಇರಲಿ, ಆಪ್ಟಿಕಲ್ ಕಂಡರೆ ಕಿತ್ತು ಹಾಕಿ. ಡಿಸ್‌ಪ್ಲೇ ಮೇಲೆ 'ಟ್ರೂಎಚ್‌ಡಿ' ಅನ್ನೋ ಅಕ್ಷರ ಕಣ್ಣಾರೆ ಕಂಡ ಮೇಲೆ ಜೇಬಿಗೆ ಕೈ ಹಾಕಿ. ಪ್ಲೇಯರನ್ನ ಟಿವಿಗೆ ಕೊಟ್ಟು ಅಲ್ಲಿಂದ ರಿಸೀವರ್‌ಗೆ ಸೌಂಡ್ ತರ್ತೀನಿ ಅನ್ನೋರಿಗೆ ಎರಡೂ ಕಡೆ ಇಎಆರ್‌ಸಿ ಬೇಕು, ಬರೀ ಎಆರ್‌ಸಿ (ಟಿವಿಯಿಂದ ಎಚ್‌ಡಿಎಂಐಯಲ್ಲೇ ಸೌಂಡ್ ವಾಪಸ್ ಕಳಿಸೋ ಹಳೇ ಸೌಲಭ್ಯ) ಸಾಲದು.

ನನ್ನ ಮನೆಯಲ್ಲಿ ಈಗ ಸೌಂಡ್ ಬರ್ತಿದೆ. ಪ್ಲೇಯರ್ ಹಿಂದೆ 5.1 ಅನಲಾಗ್ ಔಟ್ ಇತ್ತು. ಅಕ್ಕನ ಮಗ ಆರು ಆರ್‌ಸಿಎ ವೈರ್ (ಒಂದೊಂದು ಚಾನೆಲ್‌ಗೆ ಒಂದೊಂದು ಸಾದಾ ಆಡಿಯೋ ವೈರ್) ತಂದು ರಿಸೀವರ್‌ನ ಮಲ್ಟಿ-ಚಾನೆಲ್ ಇನ್‌ಗೆ ಹಾಕಿದ. ಟ್ರೂಎಚ್‌ಡಿಯನ್ನ ಪ್ಲೇಯರೇ ಬಿಡಿಸಿ ಕಳಿಸುತ್ತೆ. ಸ್ಪೀಕರ್ ದೂರ, ಸಬ್‌ವೂಫರ್ ಎಲ್ಲ ಪ್ಲೇಯರ್‌ನಲ್ಲೇ ಸೆಟ್ ಮಾಡಬೇಕು, ಅದೊಂದು ರಗಳೆ.

ಹೊಟ್ಟೆ ಉರಿಯೋದು ಬೇರೆ ವಿಷಯಕ್ಕೆ. ಅದೇ ಆರು ತೂತು ನನ್ನ ಹಳೇ ರಿಸೀವರ್ ಹಿಂದೆಯೂ ಇದ್ದವು. ಎಷ್ಟು ವರ್ಷ ಅವುಗಳ ಧೂಳು ಒರೆಸಿದ್ದೀನಿ, ಯಾಕಿವೆ ಅಂತ ಒಂದು ದಿನ ನೋಡಲಿಲ್ಲ. ಅದನ್ನಾದರೂ ವಾಪಸ್ ಕೊಡಿ ಅಂತ ಹೋದರೆ, ಸಿರುಗುಪ್ಪದವರೊಬ್ಬರಿಗೆ 9,000ಕ್ಕೆ ಮಾರಿಯಾಗಿತ್ತು.