ನಾಲ್ಕು ಮಳೆಗಾಲ ಕಂಡ ಡಿವಿಡಿ ಡ್ರೈವ್: ಕೆಲವು ಡಿಸ್ಕ್ ಮಾತ್ರ ಯಾಕೆ ಓದುವುದಿಲ್ಲ?

ನಾನು ಈ ಯುಎಸ್‌ಬಿ ಡಿವಿಡಿ ಡ್ರೈವ್ ತೆಗೆದುಕೊಂಡದ್ದು 2021ರ ಜೂನ್‌ನಲ್ಲಿ. ಸುಮಾರು 1,800 ರೂಪಾಯಿ. ಹೊಸ ಲ್ಯಾಪ್‌ಟಾಪ್‌ನಲ್ಲಿ ಡ್ರೈವ್ ಇರಲಿಲ್ಲ. ಅಪ್ಪನ ಹತ್ತಿರ ನೂರಾನಲವತ್ತು ಡಿಸ್ಕ್ ಇತ್ತು. ಹೆಚ್ಚಿನವು ತಾಳಮದ್ದಳೆ, ಬಯಲಾಟದ ರೆಕಾರ್ಡಿಂಗ್. ಉಳಿದವು ಮನೆಯ ಮದುವೆ, ಉಪನಯನದ್ದು. ಎಲ್ಲವನ್ನೂ ಹಾರ್ಡ್ ಡಿಸ್ಕ್‌ಗೆ ಹಾಕಿ ಉಳಿಸಬೇಕಿತ್ತು. ಡ್ರೈವ್ ಖರೀದಿಸಿದ್ದು ಅದೊಂದೇ ಕೆಲಸಕ್ಕೆ.

ಮೊದಲ ವಾರ ತುಂಬಾ ಬೇಸರವಾಯಿತು. ಕಂಪನಿಯಿಂದಲೇ ಅಚ್ಚಾಗಿ ಬಂದ ಸಿನಿಮಾ ಡಿಸ್ಕ್ ಹಾಕಿದರೆ ಚೆನ್ನಾಗಿ ಓಡುತ್ತಿತ್ತು. ಸ್ಟುಡಿಯೋದವರು ಬರ್ನ್ ಮಾಡಿ ಕೊಟ್ಟ ಡಿಸ್ಕ್ ಹಾಕಿದರೆ ಟಕ್ ಟಕ್ ಅಂತ ಸದ್ದು. ಡಿಸ್ಕ್ ಜೋರಾಗಿ ತಿರುಗುತ್ತದೆ, ನಿಲ್ಲುತ್ತದೆ, ಮತ್ತೆ ತಿರುಗುತ್ತದೆ. ಕೊನೆಗೆ ಡ್ರೈವೇ ಪರದೆಯಿಂದ ಮಾಯ. ಸರ್ವಿಸ್‌ನವರಿಗೆ ಫೋನ್ ಮಾಡಿದರೆ, ನಿಮ್ಮ ಡಿಸ್ಕ್ ಹಾಳಾಗಿದೆ ಅಂದರು. ನಾನೂ ನಂಬಿದೆ.

ಉಡುಪಿಯ ಕುಂಜಿಬೆಟ್ಟಿನಲ್ಲಿ ನಮ್ಮ ಪಕ್ಕದ ಮನೆಯ ಅಣ್ಣನ ಹತ್ತಿರ ಹಳೆಯ ಡೆಸ್ಕ್‌ಟಾಪ್ ಇದೆ. ಅದೇ ಡಿಸ್ಕ್ ಅಲ್ಲಿ ಹಾಕಿದರು. "ಡಿಸ್ಕ್ ಹಾಳಾದದ್ದಲ್ಲ ಮಾರಾಯ, ಇದರಲ್ಲಿ ಓಡ್ತದೆ ನೋಡು" ಅಂದರು. ನಿಜವಾಗಿಯೂ ಓಡಿತು. ನಾನು ಡ್ರೈವನ್ನು ಹಬ್ (ಒಂದೇ ಪೋರ್ಟ್‌ಗೆ ಹಲವು ಸಾಧನ ಸಿಕ್ಕಿಸುವ ಪೆಟ್ಟಿಗೆ) ಮೂಲಕ ಸಿಕ್ಕಿಸಿದ್ದನ್ನು ಹೇಳಿದಾಗ, ಮೊದಲು ಅದನ್ನು ತೆಗೆ ಅಂದರು.

ವಿಷಯ ಇರುವುದು ಕರೆಂಟಿನಲ್ಲಿ. ಸಾಧಾರಣ ಯುಎಸ್‌ಬಿ 2.0 ಪೋರ್ಟ್ ಕೊಡಬೇಕಾದದ್ದು 500 ಮಿಲಿಆಂಪಿಯರ್. ಯುಎಸ್‌ಬಿ 3.0 ಆದರೆ 900. ಡಿಸ್ಕ್ ಸುಲಭವಾಗಿ ಓದಲು ಬಂದರೆ ಕಡಿಮೆ ಕರೆಂಟ್ ಸಾಕು. ಓದಲು ಕಷ್ಟವಾದಾಗ ಡ್ರೈವ್ ಮತ್ತೆ ಮತ್ತೆ ವೇಗ ಏರಿಸಿ ಪ್ರಯತ್ನಿಸುತ್ತದೆ. ಆಗ ಕರೆಂಟ್ ಜಾಸ್ತಿ ಬೇಕು. ಹಬ್‌ನಲ್ಲಿ ಮೌಸ್, ಕೀಬೋರ್ಡ್ ಎಲ್ಲ ಅದೇ 500ರಲ್ಲಿ ಪಾಲು ಕೇಳುತ್ತವೆ. ಅದಕ್ಕೇ ಡ್ರೈವ್ ಮಧ್ಯದಲ್ಲಿ ಸತ್ತುಹೋಗುತ್ತಿತ್ತು. ಹಬ್ ಬಿಟ್ಟು ಲ್ಯಾಪ್‌ಟಾಪ್‌ನ ನೀಲಿ ಪೋರ್ಟ್‌ಗೆ ನೇರವಾಗಿ ಸಿಕ್ಕಿಸಿದ ದಿನ ಓದದಿದ್ದ ಡಿಸ್ಕ್‌ಗಳಲ್ಲಿ ಅರ್ಧದಷ್ಟು ಓದಲು ಬಂದವು. ನಿಮ್ಮ ಡ್ರೈವ್ ತೊಂದರೆ ಕೊಡುತ್ತಿದ್ದರೆ ದಯವಿಟ್ಟು ಮೊದಲು ಇದನ್ನೇ ಮಾಡಿ ನೋಡಿ. ಖರ್ಚು ಏನೂ ಇಲ್ಲ, ಅಲ್ವಾ?

ಉಳಿದರ್ಧಕ್ಕೆ ಡಿಸ್ಕ್‌ಗಳನ್ನೇ ನೋಡಬೇಕಾಯಿತು. ಅಚ್ಚಾದ ಡಿಸ್ಕ್‌ನಲ್ಲಿ ಮಾಹಿತಿ ಸಣ್ಣ ಸಣ್ಣ ಗುಳಿಗಳಾಗಿ ಇರುತ್ತದೆ. ಬರ್ನ್ ಮಾಡಿದ ಡಿಸ್ಕ್‌ನಲ್ಲಿ ಗುಳಿ ಇಲ್ಲ, ಬಣ್ಣದ ಪದರದ ಮೇಲೆ ಲೇಸರ್ ಸುಟ್ಟ ಗುರುತು. ಆ ಬಣ್ಣ ಬಿಸಿಲಿಗೆ, ಸೆಕೆಗೆ, ವರ್ಷ ಕಳೆದಂತೆ ಮಾಸುತ್ತದೆ. ಅಪ್ಪ ಇವನ್ನು ಕಿಟಕಿ ಪಕ್ಕದ ಕಪಾಟಿನಲ್ಲಿ ಇಟ್ಟಿದ್ದರು. ನಮ್ಮ ಊರಿನ ಮಳೆಗಾಲ ನಿಮಗೂ ಗೊತ್ತು. ಜುಲೈಯಲ್ಲಿ ಚಪ್ಪಲಿ, ಬೆಲ್ಟಿಗೆ ಬೂಷ್ಟು ಹಿಡಿಯುವ ಹಾಗೆಯೇ ಕೆಲವು ಡಿಸ್ಕ್ ಮೇಲೂ ಬಿಳಿ ಚುಕ್ಕೆ ಬಂದಿತ್ತು. ಉಗುರು ಬೆಚ್ಚಗಿನ ನೀರಿಗೆ ಪಾತ್ರೆ ತೊಳೆಯುವ ಸೋಪಿನ ಒಂದು ಹನಿ ಹಾಕಿ, ಮೆತ್ತಗಿನ ಬಟ್ಟೆಯಿಂದ ಒರೆಸಿದೆ. ಒರೆಸುವಾಗ ಮಧ್ಯದಿಂದ ಅಂಚಿನ ಕಡೆಗೆ ನೇರವಾಗಿ ಎಳೆಯಬೇಕು, ಸುತ್ತ ತಿರುಗಿಸಬಾರದು. ಮಾಹಿತಿ ಸುತ್ತುಸುತ್ತಾಗಿ ಇರುತ್ತದೆ. ಅದೇ ದಿಕ್ಕಿನಲ್ಲಿ ಗೀರು ಬಿದ್ದರೆ ಒಂದೇ ಕಡೆ ತುಂಬಾ ದೂರ ಹಾಳು.

ಸಿಡಿಯ ಮಾಹಿತಿ ಇರುವುದು ಮೇಲೆ, ಹೆಸರು ಬರೆಯುವ ಬದಿಯ ತೆಳು ಲೇಪದ ಕೆಳಗೇ. ಆ ಕಡೆ ಗೀರಾದರೆ ಒರೆಸಿ ಪ್ರಯೋಜನವಿಲ್ಲ. ಡಿವಿಡಿ ಎರಡು ತಟ್ಟೆ ಅಂಟಿಸಿದ್ದು, ಮಾಹಿತಿ ನಡುವೆ ಭದ್ರ. ಆದರೆ ಸ್ಟುಡಿಯೋದವರು ಮೇಲೆ ಕಾಗದದ ಸ್ಟಿಕರ್ ಅಂಟಿಸಿದ್ದರೆ ತೇವಕ್ಕೆ ಅದು ಉಬ್ಬಿ ಡಿಸ್ಕನ್ನೇ ಬಾಗಿಸುತ್ತದೆ. ಡ್ರೈವ್ ಗಡಗಡ ನಡುಗಿದ್ದು ಅಂಥವುಗಳಿಂದಲೇ. ಕಿತ್ತು ತೆಗೆಯಲು ಹೋಗಬೇಡಿ. ನಾನು ಒಂದು ಹಾಗೆ ಹಾಳುಮಾಡಿಕೊಂಡೆ, ಈಗಲೂ ಬೇಸರವಿದೆ.

ಭಾವ ಮಸ್ಕತ್‌ನಿಂದ ತಂದ ಹ್ಯಾಂಡಿಕ್ಯಾಮ್‌ನ ಪುಟ್ಟ ಡಿಸ್ಕ್‌ಗಳ ಕತೆ ಬೇರೆ. 8 ಸೆಂಟಿಮೀಟರ್‌ನವು. ಕಂಪ್ಯೂಟರ್ ಅವನ್ನು ಖಾಲಿ ಅಂತ ತೋರಿಸುತ್ತಿತ್ತು. ಖಾಲಿ ಅಲ್ಲ, ಫೈನಲೈಸ್ ಮಾಡಿರಲಿಲ್ಲ, ಅಂದರೆ ಬೇರೆ ಯಂತ್ರಗಳೂ ಓದುವ ಹಾಗೆ ರೆಕಾರ್ಡಿಂಗ್ ಮುಗಿಸಿ ಮುಚ್ಚಿರಲಿಲ್ಲ. ಪುಣ್ಯಕ್ಕೆ ಕ್ಯಾಮೆರಾ ಇನ್ನೂ ಆನ್ ಆಗುತ್ತಿತ್ತು. ಅದರ ಮೆನುವಿನಲ್ಲೇ ಫೈನಲೈಸ್ ಒತ್ತಿದ ಮೇಲೆ ಅಕ್ಕನ ಸೀಮಂತ ಪೂರ್ತಿ ಸಿಕ್ಕಿತು. ಖಾಲಿ ಅಂತ ಕಂಡ ಡಿಸ್ಕನ್ನು ಸುಮ್ನೆ ಎಸೆಯಬೇಡಿ. ಅವರೇ ತಂದ ಸಿನಿಮಾ ಡಿಸ್ಕ್‌ಗಳಲ್ಲಿ ರೀಜನ್ ಕೋಡ್, ಅಂದರೆ ಡಿಸ್ಕ್ ಯಾವ ಪ್ರದೇಶದಲ್ಲಿ ಓಡಬೇಕು ಅನ್ನುವ ಸಂಖ್ಯೆ, ಅಡ್ಡ ಬಂತು. ಗಲ್ಫ್ 2, ಭಾರತ 5. ಡ್ರೈವ್‌ನಲ್ಲಿ ಇದನ್ನು ಬದಲಿಸಲು ಐದೇ ಅವಕಾಶ, ಹಾಗಾಗಿ ನಾನು ಮುಟ್ಟಲಿಲ್ಲ.

ಮೂರನೆಯ ವರ್ಷ ಹೊಸ ತೊಂದರೆ ಬಂತು. ಡಿವಿಡಿ ಎಲ್ಲ ಓದುತ್ತದೆ, ಸಿಡಿ ಒಂದೂ ಇಲ್ಲ. ಹೊಸ ಸಿಡಿ ಕೂಡ ಇಲ್ಲ. ಡ್ರೈವ್‌ನಲ್ಲಿ ಎರಡು ಲೇಸರ್ ಇರುತ್ತದೆ: ಸಿಡಿಗೆ 780 ನ್ಯಾನೋಮೀಟರ್ ತರಂಗಾಂತರದ್ದು, ಡಿವಿಡಿಗೆ 650ರದ್ದು. ಒಂದು ಸೋತರೂ ಇನ್ನೊಂದು ಕೆಲಸ ಮಾಡುತ್ತದೆ. ಲೆನ್ಸ್‌ಗೆ ಗಾಳಿ ಊದಿ ನೋಡಿದೆ, ಸರಿಯಾಗಲಿಲ್ಲ. ವಾರಂಟಿಯೂ ಮುಗಿದಿತ್ತು. ಈ ಡ್ರೈವ್ ಬಗ್ಗೆ ನನ್ನ ದೊಡ್ಡ ದೂರು ಇದೇ. ಐದಕ್ಕೆ ಮೂರೂವರೆ ಕೊಡುತ್ತೇನೆ. ಸಿಡಿ ಲೇಸರ್ ಇನ್ನೆರಡು ವರ್ಷ ಬಂದಿದ್ದರೆ ನಾಲ್ಕೂವರೆ ಕೊಡುತ್ತಿದ್ದೆ.

ಆದರೂ ತೆಗೆದುಕೊಳ್ಳಿ ಅಂತಲೇ ಹೇಳುತ್ತೇನೆ. ಸಾಧ್ಯವಾದರೆ ಜೊತೆಗೆ ಒಂದು ಹಳೆಯ ಡೆಸ್ಕ್‌ಟಾಪ್ ಡ್ರೈವ್ ಕೂಡ ಹುಡುಕಿಟ್ಟುಕೊಳ್ಳಿ. ಒಂದು ಡ್ರೈವ್ ಬಿಟ್ಟ ಜಾಗವನ್ನು ಇನ್ನೊಂದು ಓದುತ್ತದೆ. ಲಿನಕ್ಸ್‌ನಲ್ಲಿ ಡಿಡಿರೆಸ್ಕ್ಯೂ ಅಂತ ಉಚಿತ ಪ್ರೋಗ್ರಾಂ ಇದೆ. ಸುಲಭವಾಗಿ ಸಿಗುವ ಭಾಗವನ್ನು ಮೊದಲು ನಕಲು ಮಾಡಿ, ಬಿಟ್ಟದ್ದನ್ನು ಮ್ಯಾಪ್ ಕಡತದಲ್ಲಿ ಗುರುತಿಟ್ಟುಕೊಳ್ಳುತ್ತದೆ. ಅದೇ ಕಡತ ಹಿಡಿದು ಬೇರೆ ಡ್ರೈವ್‌ನಲ್ಲಿ ಮುಂದುವರಿಸಬಹುದು. ಅಪ್ಪನಿಗೆ ತುಂಬಾ ಇಷ್ಟದ ಒಂದು ತಾಳಮದ್ದಳೆಯ ಮುಕ್ಕಾಲು ಭಾಗ ನನ್ನ ಡ್ರೈವ್‌ನಲ್ಲಿ ಬಂತು, ಉಳಿದದ್ದು ಪಕ್ಕದ ಮನೆಯಲ್ಲಿ. ಎರಡೂ ಸೇರಿ ಅರ್ಥಗಾರಿಕೆ ಎಲ್ಲೂ ತುಂಡಾಗದೆ ಕೇಳಿಸಿತು.

ಈಗ ಬಾಕಿ ಇರುವುದು ಹನ್ನೊಂದು ಡಿಸ್ಕ್. ಸಿಲಿಕಾ ಜೆಲ್ ಪೊಟ್ಟಣ ಹಾಕಿ ಬಿಗಿ ಮುಚ್ಚಳದ ಡಬ್ಬಿಯಲ್ಲಿ ಇಟ್ಟಿದ್ದೇನೆ. ಮಳೆ ಬಿಟ್ಟ ಮೇಲೆ ಅಣ್ಣನ ಡೆಸ್ಕ್‌ಟಾಪ್‌ನಲ್ಲಿ ಇನ್ನೊಮ್ಮೆ ಹಾಕಿ ನೋಡುತ್ತೇವೆ.